ಮೊಮ್ಮಗಳು ಬರುವ ಕಾರಿಗೆ ಮೂರು ಕೋಟು

ಜಯನಗರ 4ನೇ ಟಿ ಬ್ಲಾಕ್, ಬೆಂಗಳೂರು
ಸೋಮವಾರ, 9 ಜೂನ್ 2025

ಪ್ರೀತಿಯ ಚೂಡಾಮಣಿ,

ಸ್ಟೀರಿಂಗ್ ಹಿಡಿದವಳಿಗೆ ಪಕ್ಕದ ಸೀಟಿನವನ ನಮಸ್ಕಾರ. ಮಗಳ ಮನೆಯಲ್ಲಿ ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಮಗಳಿಗೆ ನೀರೆರೆಯುವ ಭರದಲ್ಲಿ ನಿನ್ನದನ್ನು ಮರೆತೆಯೋ? ತೇಜಸ್ವಿನಿ ಹೊಟ್ಟೆತುಂಬ ಊಟ ಮಾಡುತ್ತಿದ್ದಾಳೆ ತಾನೆ? ಪುಟ್ಟಿ ದಿನಾ ಸಂಜೆ ಎರಡು ಗಂಟೆ ಸಂಗೀತ ಕಚೇರಿ ನಡೆಸುತ್ತಾಳೆಂದು ಅಳಿಯ ವಿಷ್ಣು ಫೋನಿನಲ್ಲಿ ಹೇಳಿದ. ರಾಗ ಎಳೆಯಲಿ ಬಿಡು, ತಾಳಕ್ಕೆ ತಾತ ಇದ್ದಾನೆ. ನಾನು ಕ್ಷೇಮ. ಸಾರು ಮಾಡುವುದು ಕಲಿತಿದ್ದೇನೆ. ಅದರಲ್ಲಿ ಸಾರ ಇದೆಯೋ ಇಲ್ಲವೋ ನೀನೇ ಬಂದು ಹೇಳು. ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ಮೂರು ತಿಂಗಳ ಮೊಮ್ಮಗಳು ಮೊದಲ ಸಲ ನಮ್ಮ ಮನೆಗೆ ಬರುತ್ತಾಳೆ, ಅದೂ ನಮ್ಮದೇ ಕಾರಿನಲ್ಲಿ ಅಂದರೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಈ ಕಾಲದಲ್ಲೂ ಗಂಡ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ, ಶಿಕ್ಷೆ ಕೊಟ್ಟವಳು ನೀನೇ. ಸಂಕ್ರಾಂತಿಯ ದಿನ ನಾನು ಪಕ್ಕದ ಮನೆಯವರ ಫೋನಿಗೆ ಕರವಸ್ತ್ರ ಮುಚ್ಚಿ, "ಮೇಡಂ, ಬ್ಯಾಂಕಿಂದ ಮಾತಾಡ್ತಿದೀವಿ, ಅಕೌಂಟ್ ಬ್ಲಾಕ್ ಆಗುತ್ತೆ, ಬೇಗ ಒಟಿಪಿ ಹೇಳಿ" ಎಂದೆ. ನೀನು ಎಳ್ಳು ಹುರಿಯುತ್ತಲೇ ಫೋನಿನಲ್ಲಿದ್ದ ಯಾವುದೋ ಹಳೇ ಒಟಿಪಿಯ ಆರು ಅಂಕಿಯನ್ನೂ ಒಪ್ಪಿಸಿಬಿಟ್ಟೆ. ನಾನು ಕಾಂಪೌಂಡಿನ ಆಚೆ ನಿಂತು ನಕ್ಕಿದ್ದು ನಿನ್ನ ಕಿವಿಗೆ ಬಿತ್ತು. "ರೀ, ಇನ್ಮೇಲೆ ಆ ಬ್ರಹ್ಮ ಬಂದು ಕೇಳಿದ್ರೂ ಒಟಿಪಿ ಕೊಡಲ್ಲ. ನೀವು ಕೇಳಿದ್ರಂತೂ ಇಲ್ಲವೇ ಇಲ್ಲ. ಬೇಕಾದ್ರೆ ಕೈಯಲ್ಲಿ ಬರೆದು, ಸೈನ್ ಹಾಕಿ ಕಳ್ಸಿ" ಎಂದೆಯಲ್ಲ, ತಗೋ, ಬರೆದಿದ್ದೇನೆ. ನೀನು ಅಲ್ಲಿಗೆ ಒಯ್ದಿರುವ ಕಾರು ನಿನ್ನ ಹೆಸರಿನಲ್ಲಿದೆ, ವಿಮೆಗೆ ಕೊಟ್ಟ ಫೋನ್ ನಂಬರೂ ನಿನ್ನದೇ. ವಿಮೆ ಈ ಶುಕ್ರವಾರ ಮುಗಿಯುತ್ತದೆ, ಪುಟ್ಟಿ ಭಾನುವಾರ ಕಾರು ಹತ್ತುತ್ತಾಳೆ. ನಿನ್ನ ಒಟಿಪಿ ಇಲ್ಲದೆ ಹೊಸ ವಿಮೆ ಆಗುವುದಿಲ್ಲ.

ಹಾಗಂತ ಇಲ್ಲಿ ಸುಮ್ಮನೆ ಕೂತಿಲ್ಲ, ಮೂರು ಕೋಟು ತರಿಸಿದ್ದೇನೆ. ಕಂಪನಿಯವರು ಹೇಳುವ ದರಕ್ಕೆ ಕೋಟ್ ಅಂತಾರಂತೆ. ಮೂರು ಕೋಟಿಗೂ ಒಂದೂ ಜೇಬಿಲ್ಲ, ಕೈ ಹಾಕುವುದೆಲ್ಲ ನಮ್ಮ ಜೇಬಿಗೇ! ತಂದುಕೊಟ್ಟವನು ಬಿಟಿಎಂನಲ್ಲಿ ಬಾಡಿಗೆಗಿರುವ ಏಜೆಂಟ್, ಯಾದಗಿರಿ ಕಡೆಯವನು. ಹೆಸರು ಮೌನೇಶ. ನಾನು ಕೊಟ್ಟ ಕಾಫಿ ಗಂಟಲಲ್ಲಿ ಇಳಿಯುವಷ್ಟು ಹೊತ್ತು ಮಾತ್ರ ಹೆಸರಿಗೆ ಮರ್ಯಾದೆ ಕೊಟ್ಟ. "ಹಳೇ ಕಾರು, ಥರ್ಡ್ ಪಾರ್ಟಿ ಸಾಕು" ಎಂದಿದ್ದೆಯಲ್ಲ, ಅದನ್ನೇ ಮೊದಲು ಕೇಳಿದೆ. "ಯಜಮಾನ್ರ, ಥರ್ಡ್ ಪಾರ್ಟಿ ಅಂದ್ರ ನೀವು ಮಂದಿಗೆ ಗುದ್ದಿದ್ರ ಮಂದಿಗೆ ರೊಕ್ಕ. ನಿಮ್ಮ ಗಾಡಿ ಚಪ್ಪಟಿ ಆದ್ರ ನಿಮ್ಮ ಹಣೆಬರಹ" ಎಂದ. ಅದರ ದರ ಸರ್ಕಾರವೇ ಗೊತ್ತು ಮಾಡುವುದಂತೆ, ಎಲ್ಲಿ ಕೇಳಿದರೂ ಒಂದೇ. ಅಲ್ಲಿ ಚೌಕಾಸಿ ಮಾಡಲು ಹೋಗಿ ಮುಖಭಂಗವಾಯಿತು. ನಮ್ಮ ಮನೆಯಲ್ಲಿ ಮೊದಲ ಪಾರ್ಟಿ ನೀನು, ಎರಡನೆಯದು ಕಾರು, ಥರ್ಡ್ ಪಾರ್ಟಿ ನಾನೇ ಅಲ್ಲವೇ ಎಂದೆ. ಪಾಪ, ಅವನು ಬರೆದುಕೊಳ್ಳಲು ಪೆನ್ನು ತೆಗೆದ.

ಎರಡನೆಯದು ಫುಲ್ ವಿಮೆ, ಕಳ್ಳತನ, ಬೆಂಕಿ, ನಮ್ಮ ಗಾಡಿಯ ಪೆಟ್ಟು ಎಲ್ಲ ಸೇರಿದ್ದು. ನಮ್ಮ ಈಗಿನ ಕಂತಿಗಿಂತ ಒಂದೂವರೆ ಸಾವಿರ ಕಡಿಮೆ! ಕುಣಿದಾಡಿಬಿಟ್ಟೆ. ಆಮೇಲೆ ಕನ್ನಡಕ ಹಾಕಿಕೊಂಡು ಹಳೇ ಪಾಲಿಸಿಯನ್ನೂ ಈ ಕೋಟನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಕಾರಿನ ಬೆಲೆಯನ್ನೇ ಇಳಿಸಿ ಬರೆದಿದ್ದಾರೆ ಕಣೇ. ಐಡಿವಿ ಅಂತ ಒಂದು ಕಡೆ ಇರುತ್ತದೆ. ಕಾರು ಕಳುವಾದರೆ ಅವರು ಕೊಡುವುದು ಅಷ್ಟೇ. ನಾಲ್ಕು ಲಕ್ಷದ ನಿನ್ನ ಕಾರನ್ನು ಮೂರು ಲಕ್ಷಕ್ಕೆ ಇಳಿಸಿ ನನಗೆ ಲಾಭ ತೋರಿಸುತ್ತಿದ್ದಾರೆ. ಏಳು ವರ್ಷದಲ್ಲಿ ಒಂದು ಗೀರೂ ಬೀಳದ ಹಾಗೆ ಓಡಿಸಿದವಳಿಗೆ ಇದೆಂಥ ಅವಮಾನ! ಹಾಂ, ಒಂದೂ ಕ್ಲೇಮ್ ಮಾಡದ್ದಕ್ಕೆ ನೋ ಕ್ಲೇಮ್ ಬೋನಸ್ ಅಂತ ನಿನಗೆ ಅರ್ಧಕ್ಕರ್ಧ ರಿಯಾಯಿತಿ ಇದೆ, ಕಂಪನಿ ಬದಲಾಯಿಸಿದರೂ ಅದು ನಿನ್ನ ಜೊತೆಗೇ ಬರುತ್ತದಂತೆ. ನಲವತ್ತೆರಡು ವರ್ಷದಿಂದ ನಿನ್ನ ಮೇಲೆ ನಾನೂ ಒಂದು ಕ್ಲೇಮ್ ಮಾಡಿಲ್ಲ, ನನ್ನ ಬೋನಸ್ ಎಲ್ಲಿ ಕಟ್ಟಿಟ್ಟಿದ್ದೀಯ?

ಮೂರನೆಯದೇ ನಮ್ಮದು. ಐಡಿವಿ ಸರಿಯಾಗಿದೆ, ಎಂಜಿನ್ನಿಗೆ ನೀರು ನುಗ್ಗಿದರೂ ಕೊಡುತ್ತಾರೆ. ಮಳೆಗಾಲ, ಹುಳಿಮಾವಿನ ಕಡೆ ನೀರು ನಿಂತಾಗ ನಿನಗೆ ಬೆವರಿಳಿದದ್ದು ನೆನಪಿದೆ ತಾನೆ? ಹಳೇ ಭಾಗಕ್ಕೆ ಹೊಸದರ ಬೆಲೆ ಕೊಡುವ ಜೀರೋ ಡೆಪ್ ಕೇಳಿದೆ, ಏಳು ವರ್ಷದ ಗಾಡಿಗೆ ಈ ಕಂಪನಿ ಕೊಡುವುದಿಲ್ಲವಂತೆ. ಎಪ್ಪತ್ತೆರಡು ವರ್ಷದ ನನ್ನ ಹಲ್ಲಿನ ವಿಷಯ ಆಮೇಲೆ ಎತ್ತಲೇ ಇಲ್ಲ. ಕಾರಿನಲ್ಲಿ ಕೂತವರಿಗೂ ಬೇರೆ ವಿಮೆ ಉಂಟು, ಅದನ್ನು ಸೇರಿಸಿದ್ದೇನೆ. ಪುಟ್ಟಿ ಅಮ್ಮನ ತೊಡೆ ಮೇಲೆ ಬಂದರೆ ಲೆಕ್ಕವೇ ಎಂದು ಕೇಳಿದ್ದಕ್ಕೆ, "ತೊಡಿಗೆ ವಿಮೆ ಇಲ್ರೀ ಯಜಮಾನ್ರ, ಸೀಟಿಗೆ ಐತಿ. ಕೂಸಿಗೆ ಅಂತನ ಸಣ್ಣ ಸೀಟ್ ಬರ್ತಾವ, ತಗೊಂಡು ಬಿಗಿರಿ" ಎಂದು ಗದರಿದ. ಸರಿ ಎನಿಸಿತು. ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ನೋಡಿ ಮಗುವಿನ ಸೀಟು ಆರಿಸಿದ್ದೇನೆ, ಬುಧವಾರ ಪಾರ್ಸೆಲ್ಲಿನಲ್ಲಿ ಅಲ್ಲಿಗೇ ಬರುತ್ತದೆ. ವಿಷ್ಣು ಬಿಗಿಸಲಿ. ಈ ವಯಸ್ಸಿನಲ್ಲಿ ಮಗುವಿನ ಸೀಟು ಕೊಳ್ಳುವ ಯೋಗ! ಅಂಗಡಿಯವಳು "ಮೊಮ್ಮಗೂಗಾ ಅಂಕಲ್?" ಎಂದಳು. "ಇಲ್ಲಮ್ಮ, ನನಗೇ" ಎಂದೆ. ಅಳತೆಪಟ್ಟಿ ತೆಗೆದುಕೊಂಡು ಬಂದಳು.

ಈಗ ಕೆಲಸದ ಮಾತು. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಮೌನೇಶ ನಮ್ಮ ಮನೆಯಲ್ಲೇ ಕೂತು ಅರ್ಜಿ ಹಾಕುತ್ತಾನೆ. ನಾನು ಫೋನ್ ಮಾಡುವುದಿಲ್ಲ. ಒಟಿಪಿ ಬಂದ ಕೂಡಲೆ ನೀನೇ ನನ್ನ ನಂಬರಿಗೆ ಮಾಡಿ ಹೇಳು. ಪ್ರೀಮಿಯಂ ಕಟ್ಟಲು ಈ ಪ್ರೇಮಿ ಸಿದ್ಧ.

ತೇಜಸ್ವಿನಿಗೂ ವಿಷ್ಣುವಿಗೂ ಆಶೀರ್ವಾದ. ಪುಟ್ಟಿಯ ಎರಡು ಕೆನ್ನೆಗೂ ಒಂದೊಂದು ಮುತ್ತು, ಗಲ್ಲಕ್ಕೆ ಒಂದು ಹೆಚ್ಚಿಗೆ.

ಕೈಯಲ್ಲೇ ಬರೆದು ಸೈನ್ ಹಾಕಿದ,
ನಿನ್ನ ಸೀನು

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತು, ಬೇಗ ಹೇಳಿಬಿಡುತ್ತೇನೆ. ಮೊದಲೇ ಬರೆಯಲು ಧೈರ್ಯ ಬರಲಿಲ್ಲ. ಪಾಲಿಸಿ ಹುಡುಕುವಾಗ ಫೈಲಿನಲ್ಲಿ ನಿನ್ನ ಡ್ರೈವಿಂಗ್ ಲೈಸೆನ್ಸಿನ ಜೆರಾಕ್ಸ್ ಸಿಕ್ಕಿತು. ಮೇ ಎರಡಕ್ಕೇ ಮುಗಿದಿದೆ, ಚೂಡಿ. ಇಬ್ಬರೂ ನೋಡಲೇ ಇಲ್ಲ. ಲೈಸೆನ್ಸ್ ಮುಗಿದವರು ಓಡಿಸಿ ಏನಾದರೂ ಆದರೆ ಫುಲ್ ವಿಮೆ ಇದ್ದರೂ ನಮ್ಮ ಗಾಡಿಗೆ ಬಿಡಿಗಾಸು ಹುಟ್ಟುವುದಿಲ್ಲ ಎಂದ ಮೌನೇಶ. ಇದು ತಮಾಷೆಯಲ್ಲ. ನನ್ನ ಮಾತು ನಂಬಬೇಡ, ಪರ್ಸಿನಲ್ಲಿರುವ ಕಾರ್ಡು ತೆಗೆದು ತಾರೀಖು ನೋಡು. ಮುಂದಿನ ಸೋಮವಾರ ಇಬ್ಬರೂ ಆರ್‌ಟಿಒಗೆ ಹೋಗೋಣ, ಸಾಲಿನಲ್ಲಿ ನಾನು ನಿಲ್ಲುತ್ತೇನೆ. ಭಾನುವಾರ ಮಾತ್ರ ವಿಷ್ಣು ಓಡಿಸಲಿ. ಅವನು ಗೇರ್ ಹಾಕುವ ರೀತಿ ನೋಡಿದರೆ ನಿನಗೆ ಬಿಪಿ ಏರುತ್ತದೆಂದು ಗೊತ್ತು. ಹಿಂದೆ ಪುಟ್ಟಿಯ ಪಕ್ಕ ಕೂತು ದಾರಿಯುದ್ದಕ್ಕೂ ಬೈಯಿ, ಕೀ ಮಾತ್ರ ಅವನ ಕೈಗೆ ಕೊಡು.