ಕೆಸರು ತೊಳೆಯದ ಒಂದು ಗಿಡ

ಆಟಿ ತಿಂಗಳ ಮೂವತ್ತೊಂಬತ್ತನೇ ದಿನ,
ನೀರು ಮರಳಿದ ಅರುವತ್ತನೇ ವರ್ಷ

ಜಲಜಾಕ್ಷಿ ಅಕ್ಕನವರಿಗೆ ವಾರಿಜಾ ಮಾಡುವ ನಮಸ್ಕಾರ.

ತಾರೀಕು ನೋಡಿ ನಗಬೇಡಿ. ಮಳೆಗಾಲ ಉದ್ದವಾದ ಮೇಲೆ ನಾವು ಆಟಿಗೂ ಒಂದಷ್ಟು ದಿನ ಸೇರಿಸಿಕೊಂಡೆವು. ನನ್ನ ಕೆಲವು ಮಾತು ನಿಮಗೆ ಗುರುತು ಹತ್ತದಿದ್ದರೆ ಕ್ಷಮಿಸಿ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಆಡಿ ಆಡಿ ಅವು ಹೀಗಾಗಿವೆ.

ನಾನು ಎಲೆಮನೆಯವಳು. ನೀವು ಗಿಡಗಳನ್ನು ಒಣಗಿಸಿ ಹಾಳೆಗೆ ಹೊಲಿದಿಟ್ಟಿರಲ್ಲ, ಅವನ್ನು ಕಾಯುವ ಮನೆ ಅದು. ಬೆಳಿಗ್ಗೆ ಬೇವಿನ ಹೊಗೆ ಹಾಕುವುದು, ಬೂಷ್ಟು ಒರೆಸುವುದು, ಬಿಸಿಲು ಬಂದರೆ ಪೆಟ್ಟಿಗೆಗಳನ್ನು ಅಂಗಳಕ್ಕೆ ತರುವುದು, ಮೋಡ ಕವಿದರೆ ಬೈದುಕೊಳ್ಳುತ್ತಾ ಒಳಗೆ ಹೊರುವುದು, ಇಷ್ಟೇ ನನ್ನ ಬಾಳು. ಮಧ್ಯಾಹ್ನ ಗಂಜಿ ಉಂಡು ಗುಡ್ಡದ ಮೇಲಿನ ಪಾದೆಗೆ ಹೋಗುತ್ತೇನೆ. ನಿಮ್ಮ ಕಾಲದಲ್ಲಿ ಮಳೆ ಬಿದ್ದರೆ ಆ ಕೆಂಪುಕಲ್ಲಿನ ಬಯಲಿಡೀ ಹೂವಿನಿಂದ ನೀಲಿಯಾಗುತ್ತಿತ್ತಂತೆ. ಈಗ ಉಳಿದಿರುವುದು ಒಂದೇ ಹೊಂಡ. ಹೋದ ವರ್ಷ ಅದರ ಅಂಚಿನ ಕೆಸರಲ್ಲಿ ಬೆರಳುದ್ದದ ಕಡ್ಡಿಗಳು ಎದ್ದು ನೀಲಿ ಹೂ ಬಿಟ್ಟವು. ಬುಡದ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳು, ಹತ್ತಿರ ಸುಳಿದ ಹುಳವನ್ನು ಗಬಕ್ಕನೆ ಒಳಗೆಳೆದುಕೊಳ್ಳುವ ಚೀಲಗಳು! ಅಯ್ಯೋ, ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಆದರೆ ಯಾವ ನೆಲ ಏನಾಗಬೇಕೆಂದು ತೀರ್ಮಾನಿಸುವ ನಮ್ಮ ನೆಲಕೂಟಕ್ಕೆ ಒಂದು ಕಟ್ಟಳೆ ಇದೆ. ಊರಿನ ಹಳೆಯ ಗಿಡವಾದರೆ ಹೊಂಡ ಉಳಿಯುತ್ತದೆ. ಹಿಂದೆ ಯಾರೋ ಮೀನಿನ ತೊಟ್ಟಿಗೆಂದು ತಂದು ಚೆಲ್ಲಿದ ಹೊರಗಿನ ಗಿಡವಾದರೆ ಎಲ್ಲ ಕೆರೆದು ಸುಟ್ಟು, ಅಲ್ಲಿ ಕುಡಿಯುವ ನೀರಿನ ಟಾಂಕಿ ಕಟ್ಟುತ್ತಾರೆ. ಕೂಟದ ಹಿರಿಯರಾದ ದೂಮಣ್ಣ ಕೆಟ್ಟವರಲ್ಲ. “ನೀಲಿ ಹೂ ಎರಡಕ್ಕೂ ಉಂಟಲ್ಲ ಮಾರಾಯ್ತಿ, ನಾನು ಹೇಗೆ ಹೇಳುದು? ಹಳೇ ಗಿಡದ ಚೀಲ ತೋರ್ಸು, ಎರಡನ್ನೂ ಹತ್ರ ಇಟ್ಟು ನೋಡುವ. ಒಂದೇ ಆದ್ರೆ ನಾಳೆಯೇ ಬೇಲಿ ಹಾಕುವ,” ಎಂದರು. ಅವರು ಹೇಳಿದ್ದು ಸರಿಯೇ.

ಹಾಗಾಗಿ ನಿಮ್ಮ ಹಾಳೆಗಳನ್ನು ತೆರೆದೆ. ಅಕ್ಕಾ, ಎಂಥ ಚೊಕ್ಕ ಕೆಲಸ ನಿಮ್ಮದು! ಸಿಕ್ಕಿದ ಜಾಗ, ದಿನ, ಹೂವಿನ ಬಣ್ಣ ಎಲ್ಲ ಬರೆದಿದ್ದೀರಿ. ಗಿಡಗಳನ್ನು ಮಾತ್ರ ನೀರಲ್ಲಿ ಜಾಲಾಡಿ ಜಾಲಾಡಿ ತೊಳೆದಿದ್ದೀರಿ. ಕೆಸರಿನ ಜೊತೆ ಚೀಲಗಳೂ ಕಿತ್ತು ಹೋಗಿವೆ. ಒಂದರಲ್ಲೂ ಇಲ್ಲ, ಒಂದೇ ಒಂದರಲ್ಲೂ ಇಲ್ಲ. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಹೀಗೆ ತೊಳೆಯಲು ಇದೇನು ಸಾರಿಗೆ ಹಾಕುವ ಸೊಪ್ಪೇ ಎಂದು ಗೊಣಗಿದೆ. ಆಮೇಲೆ ನಿಮ್ಮ ಸಣ್ಣ ಸಣ್ಣ ಹೊಲಿಗೆ ಕಂಡು ಪಾಪ ಅನ್ನಿಸಿತು. ಮುಂದೆ ನೋಡುವವರಿಗೆ ಚೆಂದ ಕಾಣಲಿ ಎಂದೇ ಅಲ್ಲವೇ ತೊಳೆದದ್ದು?

ನನ್ನದು ಒಂದೇ ಬೇಡಿಕೆ. ಮುಂದಿನ ಸಲ ಪಾದೆಗೆ ಹೋದಾಗ ಒಂದು ಗಿಡವನ್ನು ತೊಳೆಯದೆ, ಬುಡದ ಕೆಸರಿನ ಸಮೇತ ಒಣಗಿಸಿಡಿ. ಹಾಳೆ ಕೊಳಕಾಯಿತೆಂದು ಜೊತೆಯವರು ನಕ್ಕರೆ ನಗಲಿ ಬಿಡಿ. ಮಣ್ಣು ನೆನೆಸಿ ಚೀಲ ಹುಡುಕುವ ಕೆಲಸ ನನಗಿರಲಿ.

ನೆಲಕೂಟ ಇವತ್ತು ಸಂಜೆ ಸೇರುತ್ತದೆ. ಈ ಪತ್ರ ನಿಮ್ಮ ಕಾಲಕ್ಕೆ ತಲುಪಿತೆಂದೇ ನಂಬಿ ಮಡಚಿಟ್ಟು, ನಿಮ್ಮ ಪೆಟ್ಟಿಗೆಯನ್ನು ಇನ್ನೊಮ್ಮೆ ತೆರೆಯುತ್ತೇನೆ. ಎಲ್ಲ ಹಾಳೆಗಳನ್ನೂ ನೋಡಿಯಾಗಿದೆ, ಗೊತ್ತು. ಆದರೂ ತೆರೆಯುತ್ತೇನೆ ಅಕ್ಕಾ. ಒಂದರ ಮೇಲಾದರೂ ಕೆಂಪು ಕೆಸರು ಇರಲಿ.