ಗುಬ್ಬಿ ಮಡಚಿಕೊಂಡ ಬೆರಳು

ಮಾನ್ಯ ಮಕ್ಕಳ ಕಲ್ಯಾಣಾಧಿಕಾರಿಗಳೇ,

ಈ ಕತೆಯನ್ನು ಮೊದಲು ಹೇಳಿದವಳು ನನ್ನ ತಂಗಿ; ಕಳೆದ ಭಾನುವಾರ ಮಧ್ಯಾಹ್ನ, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ. ಕೇಳಿದವರು ನಾನು, ಪಕ್ಕದ ಮನೆಯ ಬಡಗಿ ಮತ್ತು ಅವನ ಹೆಂಡತಿ. ನಿಜಕ್ಕೂ ಕೇಳಬೇಕಾದವರು ತಾವು. ತಮ್ಮ ಒಂದೇ ಮಾತಿನಿಂದ ಮೂರು ವರ್ಷದ ಮಗುವೊಂದು ತನಗಿದ್ದ ಭಾಷೆಯನ್ನೂ ಕಳೆದುಕೊಂಡಿದೆ.

ತಂಗಿಯ ಮಗಳನ್ನು ನಾವು ಗುಬ್ಬಿ ಎನ್ನುತ್ತೇವೆ. ಮಾತು ತಡವಾಗಿದೆ, ಬೆರಳು ಮಾತ್ರ ಬಲು ಚುರುಕು. ಚಪ್ಪಲಿಯತ್ತ ತೋರಿಸಿದರೆ ಹೊರಗೆ ಹೋಗೋಣ ಎಂದು. ಕಿಟಕಿಯತ್ತ ತೋರಿಸಿದರೆ ಅಪ್ಪ ಬಂದ ಎಂದು. ನನ್ನ ಮೂಗಿನತ್ತ ತೋರಿಸಿ ನಕ್ಕರೆ, ಅದರ ಅರ್ಥ ಇಲ್ಲಿ ಬೇಡ.

ಅಂಥ ಮನೆಯವರಿಗೆ ತಾವು ಪೋಷಕರ ಸಭೆಯ ವೇದಿಕೆಯ ಮೇಲಿಂದ ಅಪ್ಪಣೆ ಕೊಡಿಸಿದಿರಿ: ಮಗು ಬಾಯಿಬಿಟ್ಟು ಕೇಳುವವರೆಗೆ ಏನನ್ನೂ ಕೊಡಬೇಡಿ, ಹಟಕ್ಕೆ ಸೋಲಬೇಡಿ. ಮಾತು ಮುಗಿಸಿದ ತಮಗೆ ಬಾಯಾರಿತು. ಬಾಯಿಬಿಟ್ಟು ಕೇಳಿದಿರಾ? ಇಲ್ಲ, ಹುಬ್ಬೆತ್ತಿದಿರಿ, ಸಹಾಯಕ ನೀರು ತಂದಿಟ್ಟ. ಹಾಗಾದರೆ ತಾವೂ ಹಟಮಾರಿಯೇ? ಅವನೂ ಸೋತವನೇ?

ಮರುದಿನ ಸುಡುಬಿಸಿಲು. ಗುಬ್ಬಿ ನೀರಿನ ಹೂಜಿಯತ್ತ ಬೆರಳು ಮಾಡಿದಳು.

"ಏನು ಬೇಕಮ್ಮಾ? ನೀರು ಅನ್ನು, ಕೊಡ್ತೀನಿ," ಎಂದಳು ತಂಗಿ.

"ಕೊಡೇ, ಮಗು ಬಾಯಿ ಒಣಗಿದೆ," ಎಂದರು ಅವಳ ಅತ್ತೆ.

"ಅಮ್ಮಾ, ನೀನು ಸುಮ್ನಿರು. ಸಾಹೇಬ್ರು ನಿನಗಿಂತ ಜಾಸ್ತಿ ಓದಿದಾರೆ," ಎಂದ ತಂಗಿಯ ಗಂಡ.

ಮಗು ಅಮ್ಮನ ಮುಂದೆ ನಿಂತು ತೋರಿಸಿತು, ಅಪ್ಪನ ಮುಂದೆ ತೋರಿಸಿತು, ಅಜ್ಜಿಯ ಸೆರಗು ಜಗ್ಗಿ ತೋರಿಸಿತು. ಮೂವರೂ ಅರ್ಥವಾಗದವರಂತೆ ಬೇರೆಡೆ ನೋಡಿದರು. ಸ್ವಲ್ಪ ಹೊತ್ತಿಗೆ ಬಚ್ಚಲಿನಲ್ಲಿ ಸದ್ದಾಯಿತು. ತಂಗಿ ಓಡಿಹೋಗಿ ನೋಡಿದರೆ, ಗುಬ್ಬಿ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಾಗಿ ಸೋಪಿನ ನೀರು ಮೊಗೆದು ಕುಡಿಯುತ್ತಿದ್ದಳು.

"ಅತ್ತಿದ್ರೆ ಸೋತುಬಿಡ್ತಿದ್ದೆ ಅಣ್ಣಾ," ಎಂದಳು ತಂಗಿ, ಮಹಡಿಯ ಮೇಲೆ ಒದ್ದೆ ಅಂಗಿಯನ್ನು ಹಿಂಡುತ್ತಲೇ. "ಅವಳು ಅಳಲೇ ಇಲ್ಲ. ಇವರಿಗೆ ಹೇಳಿ ಪ್ರಯೋಜನ ಇಲ್ಲ ಅಂದ್ಕೊಂಡ್ಳು."

ಸೋಪಿನ ನೀರಿನಿಂದಾದ ವಾಂತಿ ಸಂಜೆಗೇ ನಿಂತಿತು. ಆದರೆ ಅಂದಿನಿಂದ ಗುಬ್ಬಿ ಏನನ್ನೂ ತೋರಿಸಲಿಲ್ಲ. ಚಪ್ಪಲಿಯನ್ನೂ ಇಲ್ಲ, ನನ್ನ ಮೂಗನ್ನೂ ಇಲ್ಲ. ಬೆರಳು ಮುಷ್ಟಿಯೊಳಗೆ ಸೇರಿಕೊಂಡಿತು.

ಮಗುವಿನ ಕಿವಿ ಪರೀಕ್ಷೆಯಾಗಿದೆಯೇ ಎಂದು ತಾವು ಯಾರನ್ನಾದರೂ ಕೇಳಿದಿರಾ? ಬೆರಳು ತೋರಿಸುವುದೂ ಮಾತೇ, ಅದಕ್ಕೆ ಉತ್ತರ ಸಿಕ್ಕರೆ ತಾನೇ ಮುಂದಿನ ಮಾತು ಹುಟ್ಟುವುದು ಎಂದು ಯೋಚಿಸಿದಿರಾ? ನನ್ನ ಒತ್ತಾಯ ಇಷ್ಟೇ. ಅದೇ ಸಭಾಂಗಣಕ್ಕೆ ಬನ್ನಿ, ಅದೇ ಮೈಕು ಹಿಡಿಯಿರಿ, ಆ ಮಾತನ್ನು ಹಿಂದಕ್ಕೆ ಪಡೆಯಿರಿ. ಮೊದಲು ನೀರು ಕೊಡಿ, ಕೊಡುವಾಗ "ನೀರು" ಎನ್ನಿ, ಆಮೇಲೆ ಮಗುವಿನ ಮುಖ ನೋಡುತ್ತಾ ಕಾಯಿರಿ ಎಂದು ಹೇಳಿ. ಮಾತು ತಡವಾದ ಪ್ರತಿ ಮಗುವಿನ ಕಿವಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ.

ಕತೆ ಕೇಳಿದ ನಾವು ಮರುದಿನ ಬೆಳಿಗ್ಗೆ ಏನು ಮಾಡಿದೆವು ಎಂಬುದನ್ನೂ ತಿಳಿಸಿಬಿಡುತ್ತೇನೆ. ಕೆಲಸಕ್ಕೆ ಹೊರಟ ಬಡಗಿ ಗುಬ್ಬಿಯನ್ನು ಕಂಡು ಮೆಟ್ಟಿಲ ಮೇಲೆ ಕುಳಿತ. ಅವಳ ಕಣ್ಣು ಅವನ ಅಳತೆಯ ಟೇಪಿನ ಮೇಲಿತ್ತು. "ಟೇಪು," ಎಂದು ಎಳೆದು ತೋರಿಸಿದ, ಬಿಟ್ಟ. ಅದು ಸರ್ರನೆ ಒಳಗೆ ಓಡಿತು. "ಹೇಳು ನೋಡೋಣ" ಎನ್ನಲಿಲ್ಲ. ಸುಮ್ಮನೆ ಕಾದ. ನಾನೂ, ಅವನ ಹೆಂಡತಿಯೂ ಕೆಳಮೆಟ್ಟಿಲಲ್ಲಿ ನಿಂತೆವು. ಅವನ ಬಸ್ಸು ಬಂದು ಹೋಯಿತು.

ಮುಷ್ಟಿಯಿಂದ ಒಂದು ಬೆರಳು ಮೆಲ್ಲನೆ ಹೊರಬಂದು ಟೇಪನ್ನು ಮುಟ್ಟಿತು.

"ಇನ್ನೊಂದ್ಸಲಾನಾ? ತಗೋ, ಇನ್ನೊಂದ್ಸಲ!" ಎಂದ ಬಡಗಿ.

ಇಂತಿ,
ತನ್ನ ಮೂಗಿನ ಸರದಿಗಾಗಿ ಇನ್ನೂ ಕಾಯುತ್ತಿರುವ
ಒಬ್ಬ ಸೋದರಮಾವ