ಪೊಡಿಮೆಣಿಕೆಯ ಸೊಸೆ ಶ್ರೀಪಾದ ಹತ್ತಿದ್ದು

ಅತ್ತೆಮ್ಮಾ,

ನೀವು ಬದುಕಿದ್ದಾಗ ಎಷ್ಟು ಕರೆದರೂ ಬಾರದ ನಾನು ನಿನ್ನೆ ಬುದ್ಧನ ಹೆಜ್ಜೆಗುರುತಿರುವ ಶ್ರೀಪಾದ ಬೆಟ್ಟ ಹತ್ತಿದೆ. ಅರ್ಧ ದಾರಿಯಲ್ಲೇ ಕಾಲು ಸೋತು ಕುಳಿತೆ. ನಾನು ನಿಮ್ಮ ಸೊಸೆಯೆಂದು ತಿಳಿದದ್ದೇ ಚಹಾದಂಗಡಿಯ ಸೋಮಾವತಿ ನಕ್ಕಳು.

"ನಿಮ್ಮತ್ತೆನೂ ವರ್ಷಾ ವರ್ಷಾ ಇಲ್ಲೇ ಕೂರೋರು ಕಣಮ್ಮ."

"ಮಂಡಿನೋವಿಗಾ?"

"ಅಯ್ಯೋ, ನೋವಿದ್ರೂ ತೋರಿಸ್ತಿದ್ರಾ? ನಿಮ್ಮಂಗೆ ಸೋತು ಕೂತೋರನ್ನ ಕೈಹಿಡಿದು ಮೇಲಕ್ಕೆ ಕರ್ಕೊಂಡು ಹೋಗೋರು. ಇನ್ನೊಬ್ರಿಗೋಸ್ಕರ ಮತ್ತೆ ಇಳಿದು ಬರೋರು!"

ಅದಕ್ಕೇ ನೀವು ಜೊತೆಗೆ ಹೋದವರೆಲ್ಲರಿಗಿಂತ ತಡವಾಗಿ ಮನೆಗೆ ಬರುತ್ತಿದ್ದಿರಿ. ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎದ್ದು ಹೊರಟೆ. ತುಸು ಮೇಲೆ ಒಬ್ಬ ಹೆಂಗಸು ಅಳುತ್ತ ಕೂತಿದ್ದಳು.

"ನನ್ನಿಂದಾಗಲ್ಲ ಅಕ್ಕಾ."

"ನನ್ನಿಂದಲೂ ಆಗಲ್ಲ. ಬಾ, ಇಬ್ರೂ ಹೋಗೋಣ," ಎಂದು ಕೈ ಚಾಚಿದೆ.

ಬುದ್ಧನ ಪಾದಕ್ಕೆ ಹೂವಿಟ್ಟ ಮೇಲೆ ಅವಳು, "ಈ ಪುಣ್ಯದಲ್ಲಿ ಅರ್ಧ ನಿಮಗೇ. ಹೆಸರು ಹೇಳಿ, ಅರ್ಪಿಸ್ತೀನಿ," ಎಂದಳು.

ನಾನು ನಿಮ್ಮ ಹೆಸರು ಹೇಳಿದೆ.